ದೊಡ್ಡಗಂಗಮ್ಮ ಮಾತ್ರೆ ಬೇಡವೆಂದದ್ದು

ಯಲ್ದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಕದಿರೇಶ ಮಾವಿನ ಗಿಡಗಳಿಗೆ ಕಸಿ ಕಟ್ಟುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವನ ಕಿವಿಯೊಳಗೆ ಯಾರೋ ಬೈಯುವ ದನಿಗಳು ಶುರುವಾಗಿದ್ದವು. ಕೋಲಾರದ ಡಾಕ್ಟರು ಕೊಟ್ಟ ಮಾತ್ರೆ ನುಂಗತೊಡಗಿದ ಮೇಲೆ ದನಿಗಳು ಅಡಗಿ, ಅವನು ಮತ್ತೆ ಎಲ್ಲರಂತೆ ದುಡಿದು ಬದುಕಿದ. ಊರವರಿಗೆ ಮಾತ್ರ ಮನೆಯವರು ಅದು ತಲೆನೋವಿನ ಮಾತ್ರೆ ಎಂದೇ ಹೇಳಿದ್ದರು.

ಈ ವರ್ಷ ಮಗಳು ಸಹನಳನ್ನು ಕಾಲೇಜಿಗೆ ಸೇರಿಸಬೇಕಾಯಿತು. ಫೀಸಿಗೆ ದುಡ್ಡು ಸಾಲದೆ ಕದಿರೇಶ ಯಾರಿಗೂ ಹೇಳದೆ ಮಾತ್ರೆ ತರುವುದನ್ನೇ ನಿಲ್ಲಿಸಿದ. ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ನಿದ್ದೆ ಹಾರಿತು. ಒಂದು ಬೆಳಿಗ್ಗೆ ಊಟದ ತಟ್ಟೆಯನ್ನು ದೂರ ತಳ್ಳಿ, "ಇದ್ರಲ್ಲಿ ಏನೋ ಬೆರ್ಸಿದೀಯ," ಎಂದು ಹೆಂಡತಿ ಮುನಿಲಕ್ಷ್ಮಿಯನ್ನು ದಿಟ್ಟಿಸಿದ. ಅವನು ಮಾತ್ರೆ ಬಿಟ್ಟದ್ದು ಅವಳಿಗೆ ಆಗ ಗೊತ್ತಾಯಿತು. ಹೇಗೋ ದುಡ್ಡು ಹೊಂದಿಸಿ ಆ ತಿಂಗಳ ಮಾತ್ರೆ ತಂದಳು.

"ಮುಂದಿನ ತಿಂಗ್ಳು ಏನ್ಮಾಡೋದು ಅತ್ತೆ?" ಎಂದು ಕೇಳಿದಳು.

ಅತ್ತೆ ದೊಡ್ಡಗಂಗಮ್ಮನಿಗೆ ಸಕ್ಕರೆ ಕಾಯಿಲೆ. ಮರುದಿನ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಚಂದನ ಎಂದಿನಂತೆ ಮಾತ್ರೆ ಕೊಡಲು ಬಂದಾಗ ಮುದುಕಿ ಕೈ ಹಿಂದೆಳೆದುಕೊಂಡಳು.

"ಬೇಡ ತಾಯಿ."

"ಯಾಕಜ್ಜಿ? ಸಕ್ಕರೆ ಏರಿಬಿಟ್ರೆ?"

"ಏರ್ಲಿ. ನಂಗೆ ಬಿಟ್ಟಿ ಕೊಡ್ತೀರ, ನನ್ನ ಮಗ ದುಡ್ಡಿಲ್ದೆ ಮನಸ್ಸಿನ ಕಾಯಿಲೆ ಮಾತ್ರೆ ಬಿಟ್ಟವ್ನೆ. ಕಾಲಿಗೆ ಔಷಧಿ ಐತೆ, ಹೊಟ್ಟೆಗೈತೆ. ತಲೆ ಏನು ಮೈಮ್ಯಾಗಿಲ್ವಾ?"

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಎಲ್ಲರ ಮುಂದೆ ಆಡಿಬಿಟ್ಟಿದ್ದಳು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆದರೆ ಮಾವಿನ ತೋಟದ ಶ್ರೀನಿವಾಸಪ್ಪ ನಗಲಿಲ್ಲ.

"ನಮ್ಮ ತಂಗಿಗೂ ಅಂಥದ್ದೇ ಮಾತ್ರೆ ಕಣಕ್ಕಾ. ನಾವೂ ಯಾರ್ಗೂ ಹೇಳಿರ್ಲಿಲ್ಲ," ಎಂದ.

ಗೋಡೆಗೊರಗಿ ಕೂತಿದ್ದ ಹೆಂಗಸೊಬ್ಬಳು ತಲೆ ತಗ್ಗಿಸಿಕೊಂಡೇ, "ನಂಗೇ ಬೇಕು," ಎಂದಳು.

ಗದ್ದಲ ಕೇಳಿ ಡಾಕ್ಟರ್ ಅಮರನಾಥ್ ಹೊರಗೆ ಬಂದರು. "ಆ ಮಾತ್ರೆ ನಮ್ಮಲ್ಲಿ ಇಡ್ತಿಲ್ಲಮ್ಮ. ಕೇಳೋರೇ ಇಲ್ಲ ಅಂದ್ಕೊಂಡಿದ್ವಿ."

"ಈಗ ಕೇಳ್ತಿದೀವಲ್ಲ ಸಾಮಿ. ಒಬ್ರಿಗುಂಟು, ಒಬ್ರಿಗಿಲ್ಲ ಅಂದ್ರೆ ಹೆಂಗೆ? ಕಾಯಿಲೆ ಏನು ಜೇಬು ನೋಡ್ಕೊಂಡು ಬರ್ತದಾ?" ಎಂದಳು ಮುದುಕಿ.

ಡಾಕ್ಟರು ಮೊದಲು ಮುದುಕಿಯ ಕೈಗೆ ಅವಳ ಮಾತ್ರೆ ಇಟ್ಟರು. ಆಮೇಲೆ ಅಲ್ಲೇ ನಿಂತು ಜಿಲ್ಲಾ ಕಚೇರಿಗೆ ಫೋನ್ ಮಾಡಿದರು.

ಸುದ್ದಿ ತಿಳಿದು ಕದಿರೇಶ ಕೂಗಾಡಿದ. "ಊರಿಗೆಲ್ಲ ಸಾರಿ ಬಂದ್ಯಾ? ಇನ್ನು ನನ್ನನ್ನ ಯಾರು ತೋಟಕ್ಕೆ ಸೇರಿಸ್ತಾರೆ?"

"ಸೇರಿಸ್ದಿದ್ರೆ ಬಿಡ್ಲಿ ನಾಯ್ನಾ. ನಂಗೆ ನೀನಿರ್ಬೇಕು," ಎಂದಳು ತಾಯಿ. ಅವನು ಅವಳ ಪಕ್ಕದಲ್ಲೇ ಕುಳಿತ.

ಮರುತಿಂಗಳು ಮನಸ್ಸಿನ ಡಾಕ್ಟರೊಬ್ಬರು ಆರೋಗ್ಯ ಕೇಂದ್ರಕ್ಕೇ ಬಂದರು, ಮಾತ್ರೆಗಳೂ ಬಂದವು. ಕದಿರೇಶ ಗೇಟಿನಲ್ಲೇ ಹಿಂಜರಿದು ನಿಂತಾಗ ಶ್ರೀನಿವಾಸಪ್ಪ ಬೆಂಚಿನಲ್ಲಿ ಸರಿದು ಜಾಗ ಮಾಡಿದ. "ಬಾರೋ, ಕೂತ್ಕೊ. ನಮ್ಮ ತೋಟದಾಗೆ ಬಾದಾಮಿ ಮಾವಿನ ಕಸಿ ಕಟ್ಬೇಕು, ಯಾವಾಗ ಬರ್ತೀಯ?"

ಈಗಲೂ ಒಮ್ಮೊಮ್ಮೆ ಮಾತ್ರೆ ತಡವಾಗುತ್ತದೆ. ಹಾಗಾದಾಗ ಯಾರೂ ಸುಮ್ಮನೆ ಮನೆಗೆ ಹೋಗುವುದಿಲ್ಲ. ಸಕ್ಕರೆಯವರು, ಬಿ.ಪಿ.ಯವರು, ಮನಸ್ಸಿನ ಮಾತ್ರೆಯವರು ಎಲ್ಲರೂ ಒಟ್ಟಿಗೆ ಡಾಕ್ಟರ ಕೋಣೆಗೆ ಹೋಗಿ ಕೇಳುತ್ತಾರೆ. ಹೋದ ಸಲ ಮೊದಲು ಬಾಯಿ ತೆರೆದವನು ಕದಿರೇಶನೇ.