ಗೆಲ್ಲುತ್ತಲೇ ಇದ್ದ ತಂಡ

ಹಾರ್ಲೋ ಗ್ಯಾಪ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಇಡೀ ದೇಶವನ್ನು ಗೆಲ್ಲುತ್ತದೆ ಎಂದು ಆ ವರ್ಷ ನಂಬಿದವನು ನಮ್ಮ ಕೆಂಟಕಿಯ ಗುಡ್ಡಗಳಲ್ಲಿ ಒಬ್ಬನೇ ಇದ್ದ. ಅವನೂ ಮಂಚ ಬಿಟ್ಟು ಏಳಲಾರದವನು.

ವರ್ಲಿನ್ ಕಲ್ಲಿದ್ದಲ ಗಣಿಯಲ್ಲಿ ಆಯುಷ್ಯ ಸವೆಸಿ, ಎದೆಗೂಡಿನ ತುಂಬ ಅದರ ಪುಡಿಯನ್ನೇ ತುಂಬಿಕೊಂಡು ಬಂದವನು. ಮಾರ್ಚ್ ಹೊತ್ತಿಗೆ ಡಾಕ್ಟರು ಇನ್ನು ಆಸ್ಪತ್ರೆ ಬೇಡ, ಮನೆಯಲ್ಲೇ ನೆಮ್ಮದಿಯಾಗಿರಲಿ ಅಂದುಬಿಟ್ಟರು. ನೆಮ್ಮದಿ ಅಂದರೆ ಮೂಗಿಗೊಂದು ಆಕ್ಸಿಜನ್ ಕೊಳವೆ, ನಾಲಿಗೆಯಡಿಗೆ ಮಾರ್ಫಿನ್ ಹನಿ. ಹನಿ ಬಿದ್ದರೆ ಉಸಿರಿನ ಒದ್ದಾಟ ಇಳಿಯುತ್ತಿತ್ತು. ಜೊತೆಗೆ ನಿದ್ದೆಯೂ ಎಳೆದುಕೊಂಡು ಹೋಗುತ್ತಿತ್ತು.

ಆದರೂ ಮಾರ್ಚ್ ಬಂತೆಂದರೆ ಕಾಲೇಜು ಪಂದ್ಯಾವಳಿಯ ಬ್ರಾಕೆಟ್ ಹಾಳೆ ತುಂಬಲೇಬೇಕು. ಅರವತ್ತನಾಲ್ಕು ಕಾಲೇಜುಗಳು, ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ, ಕೊನೆಗೆ ಉಳಿಯುವುದು ಒಂದೇ. ಯಾರು ಯಾರನ್ನು ಸೋಲಿಸುತ್ತಾರೆ ಎಂದು ಆಟ ಶುರುವಾಗುವ ಮೊದಲೇ ಹಾಳೆಯಲ್ಲಿ ಬರೆದಿಡಬೇಕು. ಅದರಲ್ಲಿ ಏನು ಸುಖ ಎಂದು ಕೇಳುವವರಿದ್ದಾರೆ. ಗುರುವಾರ ಮಧ್ಯಾಹ್ನ ಮೊದಲ ಚೆಂಡು ಮೇಲೇಳುವ ತನಕ ಯಾರೂ ತಪ್ಪಿರುವುದಿಲ್ಲ, ಅದೇ ಸುಖ. ಗಣಿ ಮುಚ್ಚುವಾಗ ನಮ್ಮನ್ನು ಯಾರೂ ಕೇಳಲಿಲ್ಲ, ಎದೆಯ ಎಕ್ಸ್‌ರೇ ತೆಗೆಯುವಾಗಲೂ ನಿನ್ನ ಅಭಿಪ್ರಾಯವೇನು ಅನ್ನಲಿಲ್ಲ. ಇದೊಂದನ್ನು ಮಾತ್ರ ಕೇಳುತ್ತಾರೆ, ಯಾರು ಗೆಲ್ಲುತ್ತಾರೆ ಹೇಳು ಎಂದು. ಆಮೇಲೆ ಎಲ್ಲರ ಹಾಳೆಯಲ್ಲೂ ತಪ್ಪಿದ ಹೆಸರುಗಳ ಮೇಲೆ ಗೀಟು ಬೀಳುತ್ತವೆ, ಪಕ್ಕದವನ ಹಾಳೆಯಲ್ಲಿ ಒಂದು ಹೆಚ್ಚು ಬಿದ್ದರೆ ಸಾಕು, ಮುಂದಿನ ಮಾರ್ಚ್‌ವರೆಗೆ ಮಾತಿಗೆ ಬರವಿಲ್ಲ.

ವರ್ಲಿನ್ ಜೊತೆಯಲ್ಲಿ ಗಣಿಗಿಳಿಯುತ್ತಿದ್ದ ಡಾರ್ಸಿ ಮತ್ತು ಸ್ಕೂಲ್ ಬಸ್ ಓಡಿಸುವ ಗ್ಲೆನಾ, ಇಬ್ಬರೂ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ವರ್ಲಿನ್‌ನ ಕಣ್ಣು ಮಬ್ಬಾಗಿದ್ದರಿಂದ ಅವನ ಹಾಳೆಯನ್ನು ಗ್ಲೆನಾ ಬರೆಯಬೇಕಾಯಿತು.

"ಬರ್ಕೊಳ್ಳೇ ಗ್ಲೆನಾ. ಹಾರ್ಲೋ ಗ್ಯಾಪ್."

"ಮೊದಲ್ನೇ ಆಟಕ್ಕಾ?"

"ಕೊನೇ ಆಟಕ್ಕೆ. ಕಪ್ ಅವರ್ದೇ."

ಡಾರ್ಸಿ ಕೆಮ್ಮುತ್ತ ನಕ್ಕ. "ನಿಂಗೆ ಗಾಳಿ ಕಮ್ಮಿ ಆಗಿರೋದು ಎದೆಗಲ್ಲ ಕಣೋ, ತಲೆಗೆ. ಎದುರಿಗೆ ಬರೋರು ಏಳಡಿ ಇದಾರೆ. ನಮ್ಮ ಹುಡುಗ್ರು ಅವರ ಸೊಂಟಕ್ಕೆ ಡಿಕ್ಕಿ ಹೊಡ್ಕೊಂಡು ವಾಪಸ್ ಬರ್ತಾರೆ."

"ಇಷ್ಟು ವರ್ಷದಲ್ಲಿ ಈಗ ಒಂದ್ಸಲ ನಮ್ಮೋರನ್ನ ಪಂದ್ಯಾವಳಿ ಒಳಗೆ ಬಿಟ್ಕೊಂಡಿದಾರೆ. ನಾವೇ ಬರೀದೆ ಇದ್ರೆ ಇನ್ಯಾರು ಬರೀತಾರೆ? ಪೆನ್ನಲ್ಲಿ ಬರಿಯೇ. ಆ ಫೈನಲ್ ಕೇಳ್ಕೊಂಡೇ ನಾನು ಹೋಗೋದು."

ಒಲೆಯ ಮುಂದೆ ಬೀನ್ಸ್ ಬೇಯಿಸುತ್ತಿದ್ದ ವರ್ಲಿನ್‌ನ ಹೆಂಡತಿ ನೋರೀನ್ ಸೌಟು ಆಡಿಸುವುದನ್ನು ನಿಲ್ಲಿಸಿದಳು. ಗ್ಲೆನಾ ಪೆನ್ನಲ್ಲೇ ಬರೆದಳು.

ಗುರುವಾರ ಹಾರ್ಲೋ ಗ್ಯಾಪ್ ಮೊದಲ ಆಟದಲ್ಲೇ ಸೋತಿತು. ಸಣ್ಣ ಸೋಲಲ್ಲ, ನೋಡುವವರೇ ಚಾನೆಲ್ ಬದಲಾಯಿಸುವಂಥ ಸೋಲು. ಟ್ಯಾಕೆಟ್ ಮನೆಯ ಹುಡುಗನೊಬ್ಬ ಮಾತ್ರ ಒಂಟಿಯಾಗಿ ಓಡಾಡಿ ತಂಡದ ಅರ್ಧದಷ್ಟು ಅಂಕ ತಾನೇ ಗಳಿಸಿದ. ವರ್ಲಿನ್‌ಗೆ ಇದ್ಯಾವುದೂ ಗೊತ್ತಿಲ್ಲ. ಟೀವಿ ಇದ್ದದ್ದು ಮುಂದಿನ ಕೋಣೆಯಲ್ಲಿ, ಅವನು ಹನಿಯ ನಿದ್ದೆಯಲ್ಲಿದ್ದ. ಸಂಜೆ ಎಚ್ಚರವಾದಾಗ ಡಾರ್ಸಿ ಪಕ್ಕದಲ್ಲಿ ಕೂತಿದ್ದ.

"ಏನಾಯ್ತೋ?"

ಡಾರ್ಸಿ ಬಾಗಿಲಲ್ಲಿ ನಿಂತಿದ್ದ ನೋರೀನ್ ಕಡೆ ನೋಡಿದ. ಆಮೇಲೆ ಮಂಚದ ಮೇಲಿನ ಮುಖ ನೋಡಿದ.

"ಗೆದ್ರು," ಅಂದ.

ವರ್ಲಿನ್ ನಗಲಿಲ್ಲ, ಕಣ್ಣು ಮುಚ್ಚಿಕೊಂಡು ಅದನ್ನು ಚಪ್ಪರಿಸಿದ. ಆಮೇಲೆ ಕೇಳಿದ, "ಮತ್ತೆ ರಸ್ತೇಲಿ ಯಾರೂ ಹಾರನ್ ಹೊಡೀಲಿಲ್ಲ?"

"ನೀನು ಗೊರಕೆ ಹೊಡೀತಿದ್ದೆ. ಇನ್ನೂ ಬರ್ತಾರೆ, ಇರು."

ಡಾರ್ಸಿ ಅಡುಗೆಮನೆಗೆ ಹೋಗಿ ಪಿಸುದನಿಯಲ್ಲಿ ಗ್ಲೆನಾಗೆ ಫೋನು ಮಾಡಿದ. ಕತ್ತಲಾಗುವ ಮೊದಲು ಹಳದಿ ಸ್ಕೂಲ್ ಬಸ್ಸು ಆ ಕಣಿವೆಯ ರಸ್ತೆಯಲ್ಲಿ ಹಾರನ್ ಬಾರಿಸುತ್ತ ಮೇಲಕ್ಕೂ ಕೆಳಕ್ಕೂ ಹೋಯಿತು. ಬೇಜಾರಿನಲ್ಲಿದ್ದ ಅಕ್ಕಪಕ್ಕದವರು ಜಗಲಿಗೆ ಬಂದು ನೋಡಿದರು.

"ಏನೇ ಗ್ಲೆನಾ, ಸೋತಿದ್ದಕ್ಕೂ ಮೆರವಣಿಗೆನಾ?"

"ಬಾಯಿ ಮುಚ್ಕೊಂಡು ಒಳಗೆ ಹೋಗ್ರೋ," ಅಂದಳು ಗ್ಲೆನಾ. ಆಮೇಲೆ ಬಸ್ಸು ನಿಲ್ಲಿಸಿ, ಇಳಿದು, ಮನೆ ಮನೆಗೂ ಹೋಗಿ ವಿಷಯ ಹೇಳಿದಳು. ವರ್ಲಿನ್ ಮನೆಗೆ ಯಾರು ಹೋದರೂ ಹಾರ್ಲೋ ಗ್ಯಾಪ್ ಗೆದ್ದಿದೆ ಅನ್ನಬೇಕು. ಪಾದ್ರಿಯೂ ಒಪ್ಪಿಕೊಂಡರು.

ಒಂದು ಸುಳ್ಳನ್ನು ಅಲ್ಲಿಗೇ ನಿಲ್ಲಿಸಬಹುದಿತ್ತೇನೋ. ಆದರೆ ಈ ಪಂದ್ಯಾವಳಿಯಲ್ಲಿ ಗೆದ್ದವರಿಗೆ ಮುಂದಿನ ಆಟ ಇದ್ದೇ ಇರುತ್ತದೆ.

ಶನಿವಾರ ವರ್ಲಿನ್ ಹನಿ ಬೇಡವೆಂದ. "ಹಾಕಿದ್ರೆ ಮಲ್ಗಿಬಿಡ್ತೀನಿ. ಈ ಸಲ ಕೇಳ್ಬೇಕು." ಗ್ಲೆನಾ ಮುಂದಿನ ಕೋಣೆಯಲ್ಲಿ ಇನ್ಯಾವುದೋ ಎರಡು ಕಾಲೇಜುಗಳ ಆಟ ಹಾಕಿದಳು. ವೀಕ್ಷಕ ವಿವರಣೆ ಕೇಳದಷ್ಟು, ಜನರ ಗದ್ದಲ ಮಾತ್ರ ಗೋಡೆ ದಾಟುವಷ್ಟು ಸದ್ದು. ಡಾರ್ಸಿ ಬಾಗಿಲಲ್ಲಿ ನಿಂತು ಆ ಆಟವನ್ನು ನೋಡುತ್ತ ನಮ್ಮ ಹುಡುಗರ ಹೆಸರಿಟ್ಟು ಹೇಳಿದ. ಟ್ಯಾಕೆಟ್ ಹುಡುಗ ಹಾರಿದ, ಟ್ಯಾಕೆಟ್ ಹುಡುಗ ಕಸಿದುಕೊಂಡ. ಗೋಡೆಯಾಚೆಯ ಗದ್ದಲ ಅವನ ಮಾತಿಗೆ ಸರಿಯಾಗಿ ಏರುತ್ತಿತ್ತು. ಚೆನ್ನಾಗಿಯೇ ಹೇಳುತ್ತಿದ್ದ, ಅವನಿಗೇ ನಂಬಿಕೆ ಬರುವಷ್ಟು. ವರ್ಲಿನ್ ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವಂತೆ ಸೇದುತ್ತ ಕೇಳಿದ.

ಮುಂದಿನ ವಾರ ತಲೆ ತಿಳಿಯಾಗಿರಬೇಕೆಂದು ಆಟದ ಹಿಂದಿನ ದಿನದಿಂದಲೇ ಹನಿ ಬೇಡವೆಂದು ಬಾಯಿ ಬಿಗಿದುಕೊಂಡ. ಶನಿವಾರದಂತೆ ಗುರುವಾರವೂ ಹಾರ್ಲೋ ಗ್ಯಾಪ್ ಗೆದ್ದಿತು. ಅಷ್ಟರಲ್ಲಿ ಅವನ ತುಟಿ ನೀಲಿಗಟ್ಟಿತ್ತು. ಮನೆಗೆ ಬಂದು ಹೋಗುವ ನರ್ಸು, ಇಷ್ಟು ನರಳುವ ಅಗತ್ಯವೇ ಇಲ್ಲ, ಔಷಧಿ ಇರುವುದೇ ಇದಕ್ಕೆ ಎಂದು ನೋರೀನ್‌ಗೆ ಹೇಳಿದಳು. ತೊಗೊಳ್ಳುವುದಿಲ್ಲ ಅನ್ನುವವನ ಬಾಯಿಗೆ ಬಲವಂತವಾಗಿ ಹಾಕುವ ಹಾಗಿಲ್ಲ, ಅದನ್ನೂ ಹೇಳಿದಳು.

ಶನಿವಾರ ಡಾರ್ಸಿ ಬಂದಾಗ ನೋರೀನ್ ಅವನನ್ನು ಅಡುಗೆಮನೆಯಲ್ಲೇ ತಡೆದಳು.

"ನಿನ್ ತಂಡ ಗೆದ್ದಾಗೆಲ್ಲ ಅವನು ಇನ್ನೆರಡು ದಿನ ಒದ್ದಾಡ್ತಾನೆ, ಡಾರ್ಸಿ."

"ಇನ್ನು ಮೂರೇ ಆಟ, ನೋರೀನ್. ಫೈನಲ್ ಕೇಳ್ಬೇಕು ಅಂದಿದ್ದ."

"ಯಾವ ಆಟನೋ? ಎಲ್ಲಿದೆ ಆಟ?"

ಡಾರ್ಸಿ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ನಿಜ ಹೇಳ್ಬಿಡ್ಲಾ ಹಾಗಾದ್ರೆ?"

"ಅದು ಬೇಡ. ನಾವೆಲ್ಲ ಸೇರಿ ಅವನ್ನ ಮಗು ಮಾಡಿದ್ವಿ ಅಂತ ತಿಳ್ಕೊಂಡು ಹೋಗೋದು ಬೇಡ." ಅವಳು ಔಷಧಿ ಬಾಟಲಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು. "ಸೋಲ್ಸು. ಇವತ್ತೇ ಸೋಲ್ಸು."

ಆಟ ಶುರುವಾಯಿತು. ಮೆಲ್ಲಗೆ ಸೋಲಿಸಬೇಕೆಂದು ಡಾರ್ಸಿ ಲೆಕ್ಕ ಹಾಕಿಕೊಂಡು ಬಂದಿದ್ದ. ಮೊದಲು ಸ್ವಲ್ಪ ಹಿಂದೆ ಬೀಳುವುದು, ಆಮೇಲೆ ಇನ್ನಷ್ಟು. ಆದರೆ ಹಿಂದೆ ಬಿದ್ದರು ಅಂದ ಕೂಡಲೇ ವರ್ಲಿನ್ ಮಂಚದ ಕಂಬಿ ಹಿಡಿದು ಎದ್ದು ಕೂರಲು ನೋಡಿದ. ಡಾರ್ಸಿಗೆ ತಡೆಯಲಾಗಲಿಲ್ಲ, ಮತ್ತೆ ಮುಂದೆ ತಂದ. ಮತ್ತೆ ಹಿಂದೆ ಹಾಕಿದ. ವರ್ಲಿನ್‌ನ ಕತ್ತಿನ ನರಗಳು ಹಗ್ಗದಂತೆ ಎದ್ದಿದ್ದವು, ಉಸಿರು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು, ಕಣ್ಣು ಬಾಗಿಲಲ್ಲೇ ನೆಟ್ಟಿತ್ತು. ನೋರೀನ್ ಗೋಡೆಗೆ ಒರಗಿ ಡಾರ್ಸಿಯನ್ನೇ ನೋಡುತ್ತಿದ್ದಳು.

"ಮುಗೀತು," ಅಂದ ಡಾರ್ಸಿ. "ಸೋತ್ರು, ವರ್ಲಿನ್."

ಟೀವಿಯಲ್ಲಿ ಆಟ ಇನ್ನೂ ನಡೆದಿತ್ತು. ಗ್ಲೆನಾ ಆರಿಸಲು ಎದ್ದಳು, ಅಷ್ಟರಲ್ಲಿ ಗದ್ದಲ ಗೋಡೆ ದಾಟಿ ಬಂತು.

"ಮುಗಿದಿದ್ರೆ ಯಾಕೆ ಇನ್ನೂ ಕೂಗ್ತಿದಾರೆ?"

"ಗೆದ್ದೋರ ಕಡೆಯೋರು."

ವರ್ಲಿನ್ ಕಂಬಿ ಬಿಟ್ಟ. ತಲೆ ದಿಂಬಿಗೆ ಬಿತ್ತು. "ಎಷ್ಟ್ರಲ್ಲಿ?"

"ಒಂದ್ರಲ್ಲಿ."

"ಕೊನೇ ಎಸೆತ ಯಾರು ತಪ್ಸಿದ್ದು?"

ಅದನ್ನು ಡಾರ್ಸಿ ಯೋಚಿಸಿಯೇ ಇರಲಿಲ್ಲ. ನಾಲಿಗೆ ಮೇಲೆ ಇದ್ದದ್ದು ಒಂದೇ ಹೆಸರು. "ಟ್ಯಾಕೆಟ್ ಹುಡುಗ," ಅಂದುಬಿಟ್ಟ.

"ಅವನಾ." ವರ್ಲಿನ್ ಬಹಳ ಹೊತ್ತು ಉಸಿರು ಹುಡುಕಿದ. "ಕೈ ನಡುಗಿರ್ಬೇಕು."

"ನಡುಗ್ತು."

"ದರಿದ್ರದವ್ನು." ಆಮೇಲೆ ಕೇಳಿದ, "ನೀನು ಕಪ್‌ಗೆ ಅಂತ ಬರೆದಿದ್ದೋರು? ಇನ್ನೂ ಇದಾರಾ?"

"ಮೊದಲ್ನೇ ಶುಕ್ರವಾರನೇ ಹೋದ್ರು." ಅದು ನಿಜವಾಗಿತ್ತು.

"ಅಷ್ಟೇ ಕಣೋ ನಿನ್ ಯೋಗ್ಯತೆ," ಅಂದ ವರ್ಲಿನ್. ನೋರೀನ್ ಕಡೆ ತಿರುಗಿ ಬಾಯಿ ತೆರೆದ. ಅವಳು ಹನಿ ಹಾಕಿದಳು. ಮುಷ್ಟಿ ನಿಧಾನಕ್ಕೆ ಸಡಿಲವಾಯಿತು.

ಭಾನುವಾರ ಮಧ್ಯಾಹ್ನ ಒಮ್ಮೆ ಎಚ್ಚರವಾಯಿತು. ನೋರೀನ್ ತುಟಿಗೆ ಒದ್ದೆ ಬಟ್ಟೆ ಒತ್ತಿದಳು. ಅವನು ಡಾರ್ಸಿಯನ್ನು ನೋಡಿದ, ಕಿಟಕಿಯನ್ನು ನೋಡಿದ.

"ಇವತ್ತೇನಿದೆ?"

"ಇವತ್ತೇನೂ ಇಲ್ಲ ಕಣೋ," ಅಂದ ಡಾರ್ಸಿ. ಪಕ್ಕದ ಕೋಣೆಯಲ್ಲಿ ಟೀವಿ ಆರಿತ್ತು.

"ಹಾಗಾದ್ರೆ ಹನಿ ಹಾಕು," ಎಂದು ಹೆಂಡತಿಗೆ ಹೇಳಿದ.

ಬುಧವಾರ ವರ್ಲಿನ್‌ನ ಉಸಿರು ನಿಂತು, ನರ್ಸು ಬಂದು ಆಕ್ಸಿಜನ್ ಯಂತ್ರ ಆರಿಸುವ ತನಕ ಡಾರ್ಸಿ ದಿನವೂ ಆ ಕುರ್ಚಿಯಲ್ಲಿ ಬಂದು ಕೂತ. ವರ್ಲಿನ್ ಅವನನ್ನು ಮತ್ತೇನೂ ಕೇಳಲಿಲ್ಲ.