ಮರ ಬೆಳೆಸಿದ ಹೆಸರು

“ಲೇ ಇರಿಬಾರ್ನೆ, ಈ ಕೌಂಟಿಯಲ್ಲಿ ನಿಮ್ಮೋರದ್ದು ಅಂತ ಒಂದು ಗೋರಿಕಲ್ಲಾದ್ರೂ ಇದೆಯೇನೋ? ಕುರಿ ಹಿಂದೆ ಬಂದ್ರಿ, ಕುರಿ ಹಿಂದೇನೇ ಹೋದ್ರಿ!” ಕರುಗಳಿಗೆ ಕಾದ ಕಬ್ಬಿಣದ ಮುದ್ರೆ ಒತ್ತುತ್ತಿದ್ದವರೆಲ್ಲರ ಎದುರಿಗೆ ದಣಿ ಹಾರ್ಲನ್ ನನ್ನನ್ನು ಹಂಗಿಸಿದ. ಎಲ್ಲರೂ ನಕ್ಕರು. ನನ್ನ ಮೈ ಉರಿದುಹೋಯಿತು.

ಸಂಜೆ ತಪ್ಪಿಸಿಕೊಂಡ ಹಸುವನ್ನು ಹುಡುಕುತ್ತಾ ನಾನೂ ಹಾರ್ಲನ್ನೂ ಕುದುರೆಗಳ ಮೇಲೆ ನೆವಾಡಾದ ಬೋಳುಬೆಟ್ಟವೊಂದನ್ನು ಹತ್ತಿ ಆಸ್ಪೆನ್ ಮರಗಳ ತೋಪು ಹೊಕ್ಕೆವು. ಬಿಳಿ ಕಾಂಡಗಳ ತುಂಬ ಯುರೋಪಿನಿಂದ ಬಂದಿದ್ದ ನಮ್ಮ ಹಳೇ ಬಾಸ್ಕ್ ಕುರುಬರ ಹೆಸರುಗಳು. ನಡುವೆ ನನ್ನ ಮುತ್ತಜ್ಜನದು: ಬೆತ್ತಿರಿ ಇರಿಬಾರ್ನೆ. ಆತ ಚಾಕುವಿನಿಂದ ಗೀರಿದ್ದು ಕೂದಲೆಳೆಯಷ್ಟೇ ಇರಬೇಕು. ಮರ ತಾನು ಬೆಳೆಯುತ್ತಾ ಒಂದೊಂದು ಅಕ್ಷರವನ್ನೂ ನನ್ನ ಅಂಗೈಯಗಲ ಮಾಡಿತ್ತು. ಅದರ ಮುಂದೆ ನನ್ನ ಸಿಟ್ಟೂ ಚಿಕ್ಕದಾಯಿತು.

ಹಾರ್ಲನ್ ಟೋಪಿ ತೆಗೆದ. “ಅಬ್ಬಾ! ನಿಮ್ಮೋನೇನೋ ಇವನು?”

ನಾನು ಕುದುರೆಯ ಲಗಾಮು ಹಿಡಿದು ಹಸು ಹುಡುಕಲು ಇಳಿಜಾರಿನತ್ತ ನಡೆದೆ.