ಕಜ್ಜಳಿಯ ಹೊಳಪು

ಪಂಡಿತರು ಒಂದು ಚಿಟಿಕೆ ಕಪ್ಪು ಪುಡಿಯನ್ನು ಬೆರಳಿಗೆ ಉಜ್ಜಿ, ಆ ಬೆರಳನ್ನು ಬಿಸಿಲಿಗೆ ಹಿಡಿದು ಹಿಂದಕ್ಕೂ ಮುಂದಕ್ಕೂ ವಾಲಿಸುತ್ತಿದ್ದರು. ಪುಡಿ ಬೆರಳಿನ ಗೆರೆಗಳಲ್ಲಿ ತುಂಬಿಕೊಳ್ಳಬೇಕು, ಆದರೆ ಎಲ್ಲಿಯೂ ಮಿನುಗಬಾರದು. ಸೂಜಿಮೊನೆಯಷ್ಟು ಹೊಳೆದರೂ ಪಾದರಸ ಇನ್ನೂ ಸತ್ತಿಲ್ಲವೆಂದು ಅರ್ಥ. ಬೆರಳು ಹಾಗೆ ಓಲಾಡುತ್ತಿರುವಷ್ಟು ಹೊತ್ತು ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ. ಈಗಲೂ ಯಾರಾದರೂ ಬಿಸಿಲಿಗೆ ಬೆರಳೆತ್ತಿದರೆ ನಾನು ಮೊದಲು ನೋಡುವುದು ಅದರ ಗೆರೆಗಳನ್ನೇ.

ನಾನು ಆರನೆಯ ತರಗತಿಗೆ ಶಾಲೆ ಬಿಟ್ಟವಳು. ಎದ್ದು ನಿಂತು ಪಾಠ ಓದು ಎಂದರೆ ನನ್ನ ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಮನೆಯಲ್ಲಿ ಯಾರೂ ಕೇಳಲಿಲ್ಲ. ಕೆಲವು ವರ್ಷಗಳ ಬಳಿಕ ಧರಣೇಂದ್ರಯ್ಯ ಪಂಡಿತರ ರಸಶಾಲೆಯಲ್ಲಿ ಔಷಧಿ ಅರೆಯುವವರು ಬೇಕಂತೆ ಎಂದು ಅಮ್ಮ ನನ್ನನ್ನು ಕರೆದೊಯ್ದಳು. ಪಂಡಿತರು ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ನಾನು ನೆಲ ನೋಡಿದೆ. "ಇವಳೇ ಸರಿ" ಎಂದರು.

ಕೆಲಸ ಇಷ್ಟೆ. ಖಲ್ವವೆಂಬ ದೋಣಿಯಾಕಾರದ ಕಲ್ಲಿನಲ್ಲಿ ಪಾದರಸವನ್ನೂ ಗಂಧಕವನ್ನೂ ಹಾಕಿ ಗುಂಡಿನಿಂದ ಅರೆಯಬೇಕು. ಮೊದಲ ದಿನ ರಸ ಕೈಗೆ ಸಿಗದೆ ಬೆಳ್ಳಿಯ ಹನಿಗಳಾಗಿ ಓಡಾಡುತ್ತದೆ. ಎಷ್ಟೋ ದಿನಗಳ ಬಳಿಕ ಎಲ್ಲವೂ ಕಾಡಿಗೆಯಂಥ ಕಪ್ಪು ಪುಡಿಯಾಗುತ್ತದೆ. ಅದೇ ಕಜ್ಜಳಿ. ಗುಂಡು ಬಲಕ್ಕೇ ತಿರುಗಬೇಕು, ಅರೆಯುವವಳು ಮಾತಾಡಬಾರದು, ನಿಲ್ಲಿಸು ಎನ್ನುವ ಅಧಿಕಾರ ಪಂಡಿತರೊಬ್ಬರದೇ. ಅವರು ಹೇಳಿದ ಕ್ಷಣ ಕೈ ನಿಲ್ಲಬೇಕು. ಮನೆಯಲ್ಲಿ ಹಿಟ್ಟು ಕಲಸುವಾಗಲೂ ನನ್ನ ಕೈ ಬಲಕ್ಕೇ ತಿರುಗುತ್ತಿತ್ತು, ನಿಲ್ಲಿಸಲು ಯಾರೋ ಹೇಳಬೇಕೆನ್ನುವ ಹಾಗೆ.

ಕಜ್ಜಳಿಯನ್ನು ಗಾಜಿನ ಕುಪ್ಪಿಗೆ ತುಂಬಿ, ಮರಳಿನ ಮಡಕೆಯಲ್ಲಿ ಹೂತು, ಕೆಳಗೆ ಬೆಂಕಿ ಹಾಕುವರು. ಕುಪ್ಪಿಗೆ ಜೇಡಿಮಣ್ಣು ಮೆತ್ತಿದ ಬಟ್ಟೆಯನ್ನು ಏಳು ಸುತ್ತು ಸುತ್ತುವ ಕೆಲಸ ಬೋರಕ್ಕನದು. ಗಂಡ ಬಿಟ್ಟುಹೋದ ಮೇಲೆ ಹನ್ನೆರಡು ವರ್ಷಗಳಿಂದ ಅವಳು ರಸಶಾಲೆಯ ಅಂಗಳದ ಮೂಲೆಕೋಣೆಯಲ್ಲೇ ಇದ್ದಳು. ಬೇರೆ ಸೂರು ಅವಳಿಗಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಪಂಡಿತರು ಜಗುಲಿಯಲ್ಲಿ ಕುಳಿತು ಬಣ್ಣಗಳ ಅರ್ಥ ಹೇಳುತ್ತಿದ್ದರು. "ಕಪ್ಪು ಅಂದ್ರೆ ನಾನು ಅನ್ನೋದು ಸಾಯೋದು. ಆಮೇಲೆ ಬಿಳೀ ಹೊಗೆ, ಅದು ತೊಳೆದು ಹೋಗೋದು. ಹಳದಿ ಹೊಗೆ ಅಂದ್ರೆ ಬೆಳಗಾಗೋ ಮುಂಚಿನ ಬೆಳಕು. ಕೊನೆಗೆ ಕುಪ್ಪಿಯ ಕತ್ತಿಗೆ ಕೆಂಪಗೆ ಹತ್ತಿಕೊಳ್ತದಲ್ಲ, ಅದು ಹೊಸ ಹುಟ್ಟು. ಮನುಷ್ಯನೂ ಹೀಗೇ ಮಾಗಬೇಕು."

"ನಾನು ಹುಟ್ಟಿದಾಗ್ಲೇ ಕಪ್ಪು, ಸ್ವಾಮಿ," ಎನ್ನುತ್ತಿದ್ದಳು ಬೋರಕ್ಕ. "ಕೆಂಪಾಗೋದು ಯಾವಾಗ ಹೇಳಿ, ಸೀರೆ ಬಣ್ಣ ನೋಡಿ ತಗೋಬೇಕು."

ಪಂಡಿತರು ನಗುತ್ತಿರಲಿಲ್ಲ. "ನಿನ್ನ ಬಾಯಲ್ಲಿ ರಸ ಇನ್ನೂ ಓಡಾಡ್ತಿದೆ ಬೋರಮ್ಮ. ಈ ಮಗೂನ ನೋಡು. ಇವಳಲ್ಲಿ ಹೊಳಪು ಸತ್ತಿದೆ. ಕಜ್ಜಳಿ ಅಂದ್ರೆ ಹೀಗಿರಬೇಕು."

ಶಾಲೆಯಲ್ಲಿ ಬೈಗುಳ ತಂದ ಮೌನಕ್ಕೆ ಇಲ್ಲಿ ಹೊಗಳಿಕೆ ಸಿಕ್ಕಿತ್ತು. ಆ ಮಾತನ್ನು ನಾನು ಸೆರಗಿನ ಗಂಟಿನಲ್ಲಿಟ್ಟುಕೊಂಡಂತೆ ಮನೆಗೆ ಒಯ್ಯುತ್ತಿದ್ದೆ.

ಒಂದು ಸಲ ಪಂಡಿತರು ಬೆರಳು ನೋಡಿ, "ಸಾಕು, ನಿಲ್ಲಿಸು" ಎಂದರು. ನನ್ನ ಕೈ ನಿಂತಿತು. ಆದರೆ ಖಲ್ವದ ಅಂಚಿನಲ್ಲಿ, ಬಿಸಿಲು ಬಿದ್ದ ಕಡೆ, ಎರಡು ಮೂರು ಕಡೆ ಪುಡಿ ಮಿನುಗಿದಂತೆ ನನಗೆ ಕಂಡಿತು. ನನ್ನ ಕಣ್ಣಿಗೇನೋ ಆಗಿರಬೇಕು ಎಂದುಕೊಂಡೆ. ಅಷ್ಟು ವರ್ಷ ನೋಡಿದವರಿಗೆ ಕಾಣದ್ದು ನನಗೆ ಕಂಡೀತೆ? ಸುಮ್ಮನಿದ್ದೆ.

ಬೆಂಕಿ ಹಾಕಿದ ಎರಡನೆಯ ದಿನ, ಹಳದಿ ಹೊಗೆ ಏಳುವ ಮೊದಲೇ, ಕುಪ್ಪಿ ಮರಳಿನೊಳಗೆ ಸಿಡಿಯಿತು. ಪಂಡಿತರು ಕೋಲಿನಿಂದ ಮರಳು ಕೆದಕುತ್ತಾ ಕೇಳಿದರು, "ಬಟ್ಟೆ ಒಣಗಿಸಿದ್ದೆಯಾ ಬೋರಮ್ಮ?"

"ಒಂದೊಂದು ಸುತ್ತೂ ಒಣಗಿಸಿದ್ದೆ ಸ್ವಾಮಿ. ದೇವರಾಣೆ."

"ಒಣಗಿದ್ರೆ ಸಿಡೀತಿತ್ತಾ? ಹಸಿ ಬಟ್ಟೆಗಾದ್ರೂ ಸಿಡೀಬೇಕು, ಸಾಯದ ಹಸಿ ರಸಕ್ಕಾದ್ರೂ ಸಿಡೀಬೇಕು. ರಸ ನಾನೇ ನೋಡಿದೀನಿ. ಇನ್ನೊಂದು ಸಲ ಹೀಗಾದ್ರೆ ನಿನ್ನ ಗಂಟುಮೂಟೆ ಕಟ್ಟು."

ಬೋರಕ್ಕ ನನ್ನ ಕಡೆ ತಿರುಗಿ, "ನೋಡ್ದೇನೇ ಮೂಗಿ? ಬಾಯಿದ್ದೋಳಿಗೇ ಎಲ್ಲಾ ಏಟು" ಎಂದಳು. ನಾನು ಕೈ ತೊಳೆಯಲು ಎದ್ದುಹೋದೆ.

ಹೊಸ ಕಜ್ಜಳಿಗೆ ಕುಳಿತ ದಿನದಿಂದ ನನಗೆ ನೆಮ್ಮದಿಯಿರಲಿಲ್ಲ. ಎದುರಿಗೆ ಬೋರಕ್ಕ ಮಾತು ನಿಲ್ಲಿಸಿ ಕುಪ್ಪಿ ಸುತ್ತುತ್ತಿದ್ದಳು. ಪ್ರತಿ ಸುತ್ತನ್ನೂ ಎರಡೆರಡು ದಿನ ಒಣಗಿಸಿ, ಕೆನ್ನೆಗೆ ಒತ್ತಿ ತೇವವಿದೆಯೇ ಎಂದು ನೋಡುತ್ತಿದ್ದಳು. ಮಧ್ಯಾಹ್ನ ಎಂದಿನಂತೆ ತನ್ನ ತಟ್ಟೆಯ ಉಪ್ಪಿನಕಾಯಿಯನ್ನು ನನ್ನ ಅನ್ನದ ಬದಿಗೆ ಹಾಕುತ್ತಿದ್ದಳು. ನಾನು ಅದನ್ನು ತಟ್ಟೆಯ ಅಂಚಿಗೆ ತಳ್ಳಿ ಬರಿ ಅನ್ನ ಉಣ್ಣುತ್ತಿದ್ದೆ. ನಾನು ಹೆಚ್ಚು ಬಿಗಿಯಾಗಿ, ಹೆಚ್ಚು ಹೊತ್ತು ಅರೆದೆ. ನನ್ನ ತಪ್ಪು ಆ ಗುಂಡಿನಡಿಯಲ್ಲೇ ಪುಡಿಯಾಗಲಿ, ಯಾರಿಗೂ ಹೇಳುವ ಗೊಡವೆ ಬಾರದಿರಲಿ ಎಂದು.

ಹದಿನಾರನೆಯ ದಿನ ಪಂಡಿತರು ಬಂದರು. ಚಿಟಿಕೆ ತೆಗೆದುಕೊಂಡು ಯಾವಾಗಲೂ ನಿಲ್ಲುವ ಚಪ್ಪಡಿಯ ಮೇಲೆ ನಿಂತು ಬೆರಳೆತ್ತಿ ವಾಲಿಸಿದರು. ಖಲ್ವದಲ್ಲಿ ಇನ್ನೂ ಒಂದೆರಡು ಕಣ ಮಿನುಗುತ್ತಿರುವುದು ನನಗೆ ಕಾಣುತ್ತಿತ್ತು. ಅವರಿಗೂ ಕಾಣಲಿ ಎಂದು ಅವರ ಬೆರಳನ್ನೇ ನೋಡಿದೆ. ಆಗ ತಿಳಿಯಿತು. ಬೆರಳು ಬಿಸಿಲಿನಲ್ಲಿರಲಿಲ್ಲ. ಕಂಬದ ನೆರಳು ಚಪ್ಪಡಿಯ ಮೇಲೆ ಬಿದ್ದಿತ್ತು. ಅವರು ನೆರಳಿನಲ್ಲಿ ನಿಂತು, ಬಿಸಿಲೆಂದು ನಂಬಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಸಾಕು, ನಿಲ್ಲಿಸು ಮಗೂ."

ನನ್ನ ಕೈ ನಿಲ್ಲಲಿಲ್ಲ.

"ನಿಲ್ಲಿಸು ಅಂದೆ."

ಗುಂಡು ತಿರುಗುತ್ತಲೇ ಇತ್ತು. ಅಂಗಳದ ಆ ತುದಿಯಲ್ಲಿ ಕುಪ್ಪಿಯ ಕತ್ತಿಗೆ ಕೊನೆಯ ಮಣ್ಣು ಮೆತ್ತುತ್ತಿದ್ದ ಬೋರಕ್ಕ ತಲೆಯೆತ್ತಿದಳು. "ಲೇ, ಮೂಗಿ ಅಂದ್ರೆ ಕಿವುಡೂ ಆದ್ಯೇನೇ?"

ನಾನು ಎದ್ದೆ. ಪಂಡಿತರನ್ನು ಅದುವರೆಗೆ ಮುಟ್ಟಿದವಳಲ್ಲ. ಅವರ ಮಣಿಕಟ್ಟು ಹಿಡಿದು, ಕೈಯನ್ನು ಒಂದು ಮೊಳ ಈಚೆಗೆ, ಬಿಸಿಲಿಗೆ ತಂದೆ. ಬೆರಳ ಗೆರೆಯಲ್ಲಿ ರಸ ಮಿನುಗಿತು.

ಅವರು ತುಂಬಾ ಹೊತ್ತು ನೋಡಿದರು. ಅವರ ಕಣ್ಣಿನಲ್ಲಿ ಅಕ್ಕಿ ತೊಳೆದ ನೀರಿನಂಥ ಪೊರೆಯಿದ್ದದ್ದನ್ನು ಅಷ್ಟು ಹತ್ತಿರದಿಂದ ನಾನು ಆಗಲೇ ಕಂಡದ್ದು.

"ಕೈಗೆ ಬಿಸಿ ತಾಗ್ತಿದೆ," ಎಂದರು ಮೆಲ್ಲಗೆ. "ಆದ್ರೆ ನನಗೆ ಕಪ್ಪೇ ಕಾಣ್ತದೆ. ನಿನಗೆ?"

"ಹೊಳಪಿದೆ."

"ಹೋದ ಸಲ?"

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಕಜ್ಜಳಿ ಇನ್ನಷ್ಟು ಅರೆದರೆ ಈ ಕುಪ್ಪಿ ಉಳಿಯುತ್ತದೆ, ಬೋರಕ್ಕನ ಕೋಣೆಯೂ ಉಳಿಯುತ್ತದೆ. ಹಳೆಯ ತಪ್ಪು ಮಾತ್ರ ಅವಳ ಹೆಸರಿನಲ್ಲೇ ಉಳಿದುಬಿಡುತ್ತದೆ.

"ಹೋದ ಸಲವೂ ಇತ್ತು," ಎಂದೆ.

"ಏನಂತೆ ಸ್ವಾಮಿ? ನನಗೆ ಕೇಳ್ಸಿಲ್ಲ," ಎಂದು ಬೋರಕ್ಕ ಅಲ್ಲಿಂದಲೇ ಕೂಗಿದಳು.

ಪಂಡಿತರು ಬೆರಳನ್ನು ಪಂಚೆಗೆ ಒರೆಸಿಕೊಂಡರು. "ಅವಳಿಗೆ ಕೇಳೋ ಹಾಗೆ ಹೇಳಮ್ಮ. ನಾನು ಅವಳನ್ನ ಬೈದದ್ದೂ ಹಾಗೇ ಗಟ್ಟಿಯಾಗಿ ತಾನೆ?"

ನಾನು ಹೇಳಿದೆ. ಹೋದ ಸಲ ರಸ ಸತ್ತಿರಲಿಲ್ಲ, ನಾನು ಕಂಡಿದ್ದೆ, ಕುಪ್ಪಿ ಸಿಡಿದದ್ದು ನಿನ್ನ ಬಟ್ಟೆಯಿಂದಲ್ಲ ಅಕ್ಕಾ ಎಂದು. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಗೋಡೆಯ ಮೇಲಿದ್ದ ಅಳಿಲೊಂದು ಬೆಚ್ಚಿ ಓಡಿತು.

ಬೋರಕ್ಕ ಎದ್ದು ಬಂದಳು. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವಳು ನನ್ನ ತೋಳು ಹಿಡಿದು ಒಮ್ಮೆ ಬಲವಾಗಿ ಅಲುಗಿಸಿದಳು.

"ಇಷ್ಟು ದಿನ ನನ್ನೆದುರಿಗೆ ಕೂತು ಉಂಡ್ಯಲ್ಲೇ," ಎಂದಳು.

ಅಷ್ಟೇ. ಆಮೇಲೆ ನನ್ನನ್ನು ಬದಿಗೆ ಸರಿಸಿ, ಖಲ್ವದ ಮುಂದೆ ತಾನೇ ಕುಳಿತು ಗುಂಡು ಹಿಡಿದಳು. ಪಂಡಿತರು ಕಂಬಕ್ಕೆ ಒರಗಿ ಆ ಸದ್ದನ್ನು ಕೇಳುತ್ತಾ ನಿಂತರು. ಬಣ್ಣಗಳ ಅರ್ಥವನ್ನು ಆ ದಿನ ಯಾರೂ ಹೇಳಲಿಲ್ಲ.

ಸಂಜೆ ಮನೆಗೆ ನಡೆಯುವಾಗ ನೋಡಿಕೊಂಡೆ. ನನ್ನ ರವಿಕೆಯ ತೋಳಿನ ಮೇಲೆ ಅವಳ ಐದು ಬೆರಳೂ ಜೇಡಿಮಣ್ಣಿನಲ್ಲಿ ಮೂಡಿದ್ದವು. ಕೊಡವಲು ಮನಸ್ಸಾಗಲಿಲ್ಲ. ಗಾಳಿಗೆ ಅದು ಒಣಗಿ, ಬೆಳ್ಳಗಾಗಿ, ದಾರಿಯುದ್ದಕ್ಕೂ ಚೂರುಚೂರಾಗಿ ಉದುರುತ್ತಾ ಬಂತು.